ಬರೀ ಮಟನ್, ಮೊಟ್ಟೆ ಶುರು ಮಾಡಿದೆ, ಹೊಟ್ಟೆ ಒಪ್ತಾ ಇಲ್ಲ

ಪ್ರಶ್ನೆ: ನನಗೆ 34 ವರ್ಷ, ಜಮಖಂಡಿಯಲ್ಲಿ ಅಂಗಡಿ ಇದೆ. ತೂಕ 96 ಕಿಲೋ. ಬಿಪಿ, ಶುಗರ್ ಇಲ್ಲ. ಯೂಟ್ಯೂಬ್ ನೋಡಿ ಒಂಬತ್ತು ದಿನದಿಂದ ಬರೀ ಮಾಂಸ, ಮೊಟ್ಟೆ ತಿನ್ನುತ್ತಿದ್ದೇನೆ. ರೊಟ್ಟಿ, ಅನ್ನ, ಕಾಯಿಪಲ್ಯ ಎಲ್ಲ ಬಂದ್. ಬೆಳಿಗ್ಗೆ ಎಂಟು ಮೊಟ್ಟೆಯ ಬಿಳಿಭಾಗ, ಮಧ್ಯಾಹ್ನ ಬೇಯಿಸಿದ ಚಿಕನ್ ಬ್ರೆಸ್ಟ್, ರಾತ್ರಿ ಸಾವಜಿ ಖಾನಾವಳಿಯಿಂದ ಮಟನ್. ನಾಲ್ಕನೇ ದಿನದಿಂದ ದಿನಕ್ಕೆ ನಾಲ್ಕೈದು ಸಲ ಜುಲಾಬು, ಹೊಟ್ಟೆ ಗುಡುಗುಡು, ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ, ಸಂಜೆ ತಲೆನೋವು. ಒಬ್ಬ ಗೆಳೆಯ ತುಪ್ಪ ಕುಡಿ ಅಂತಾನೆ, ಇನ್ನೊಬ್ಬ ಕೊಬ್ಬು ಮುಟ್ಟಲೇಬೇಡ ಅಂತಾನೆ. ಮನೆಯಲ್ಲಿ ದಿನಾ ರೊಟ್ಟಿ ಜಗಳ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು ಕೇಳಿ ಬಿಡುತ್ತೇನೆ. ಜುಲಾಬಿನಲ್ಲಿ ರಕ್ತ ಇದೆಯಾ? ಜ್ವರ ಇದೆಯಾ? ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಾ? ಮೂತ್ರ ಕಡಿಮೆಯಾಗಿ ಕಡು ಹಳದಿ ಆಗಿದೆಯಾ? ಒಂದಕ್ಕೆ ಹೌದು ಅಂದರೂ ಈ ಉತ್ತರ ಓದ್ತಾ ಕೂರಬೇಡಿ, ಇವತ್ತೇ ಹತ್ತಿರದ ಡಾಕ್ಟರ್ ಹತ್ತಿರ ಹೋಗಿ. ಇವು ಯಾವುದೂ ಇಲ್ಲ, ಆದರೂ ಇನ್ನೆರಡು ದಿನದಲ್ಲಿ ನಿಲ್ಲಲಿಲ್ಲ ಅಂದರೆ ಆಗಲೂ ತೋರಿಸಿ. ಭಾನುವಾರ ತಂದ ಮಟನ್ ಬುಧವಾರದವರೆಗೆ ತಿನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕರೆಂಟ್ ಹೋಗಿ ಬಂದು ಮಾಡುವ ಫ್ರಿಜ್ಜಿನಲ್ಲಿ ಅದು ಕೆಟ್ಟಿರುತ್ತೆ, ನಾವು ಡಯಟ್ ಮೇಲೆ ತಪ್ಪು ಹಾಕುತ್ತೇವೆ.

ಅದೂ ಅಲ್ಲ ಅಂತಾದರೆ ನಿಮ್ಮ ಊಟದ ಪಟ್ಟಿಗೆ ಬರೋಣ. ಎರಡು ಸಲ ಓದಿದೆ. ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ಸರಿ. ಬೆಳಿಗ್ಗೆ, ಮಧ್ಯಾಹ್ನ ನಿಮಗೆ ಕೊಬ್ಬು ಸಾಲುತ್ತಿಲ್ಲ. ರಾತ್ರಿ ಅದು ಒಮ್ಮೆಗೇ ಮೈಮೇಲೆ ಬೀಳುತ್ತಿದೆ.

ಮೊದಲು ಹಗಲಿನ ವಿಷಯ. ಬೇಯಿಸಿದ ಚಿಕನ್ ಬ್ರೆಸ್ಟ್ 100 ಗ್ರಾಂ ತೊಗೊಂಡರೆ ಅದರಲ್ಲಿ ಸುಮಾರು 31 ಗ್ರಾಂ ಪ್ರೋಟೀನ್, ಮೂರೂವರೆ ಗ್ರಾಂನಷ್ಟು ಕೊಬ್ಬು. ಅಂದರೆ ಅದು ಕೊಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಪ್ರೋಟೀನಿನಿಂದಲೇ. ರೊಟ್ಟಿ ಜೊತೆ ತಿನ್ನುವಾಗ ಅದು ಒಳ್ಳೆಯದೇ. ರೊಟ್ಟಿ ತೆಗೆದುಬಿಟ್ಟು ಅದೊಂದನ್ನೇ ತಿಂದರೆ, ದಿನದ ಶಕ್ತಿಯೆಲ್ಲ ಪ್ರೋಟೀನಿನಿಂದಲೇ ಬರಬೇಕು. ಪ್ರೋಟೀನ್ ಉರಿದಾಗ ಬರುವ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡಿ ಹೊರಗೆ ಹಾಕಬೇಕು, ಆ ಕೆಲಸಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದರೆ ವಾಕರಿಕೆ, ಜುಲಾಬು, ಸುಸ್ತು. ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ಪ್ರೋಟೀನನ್ನು ಅಲ್ಲಿನ ಬ್ಯಾಕ್ಟೀರಿಯಾ ಕೊಳೆಸುತ್ತವೆ. ನೀವು ಹೇಳಿದ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ, ಗಂಧಕದ ಗ್ಯಾಸ್.

ಇದು ಹೊಸ ಕಥೆಯೇನಲ್ಲ. ವಿಲ್ಯಾಲ್ಮರ್ ಸ್ಟೆಫಾನ್ಸನ್ ಅಂತ ಕೆನಡಾದಲ್ಲಿ ಹುಟ್ಟಿದ ಒಬ್ಬ ಅನ್ವೇಷಕ ಇದ್ದ. ಉತ್ತರ ಧ್ರುವದ ಕಡೆ ಇನ್ಯೂಟ್ ಜನರ ಜೊತೆ ವರ್ಷಗಟ್ಟಲೆ ಬರೀ ಮಾಂಸ, ಮೀನು ತಿಂದು ಬದುಕಿದ್ದವನು. ಅವನ ಮಾತನ್ನು ಯಾರೂ ನಂಬಲಿಲ್ಲ ಅಂತ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಅವನಿಗೂ ಅವನ ಜೊತೆಗಾರ ಆಂಡರ್ಸನ್‌ಗೂ ವೈದ್ಯರ ಕಾವಲಿನಲ್ಲಿ ಬರೀ ಮಾಂಸ ತಿನ್ನಿಸಿ ನೋಡಿದರು. ಆಂಡರ್ಸನ್‌ಗೆ ಕೊಬ್ಬು ಸಮೇತ ಕೊಟ್ಟರು, ಏನೂ ಆಗಲಿಲ್ಲ. ಸ್ಟೆಫಾನ್ಸನ್‌ಗೆ ಬೇಕಂತಲೇ ಕೊಬ್ಬು ತೆಗೆದ ಮಾಂಸ ಕೊಟ್ಟರು. ಮೂರನೇ ದಿನಕ್ಕೇ ವಾಕರಿಕೆ, ಜುಲಾಬು! ಕೊಬ್ಬು ಸೇರಿಸಿದ ಮೇಲೆ ನಿಂತಿತು, ಅದರ ಬೆನ್ನಿಗೆ ಕೆಲವು ದಿನ ಮಲಬದ್ಧತೆ ಕಾಡಿತು. ಇದಕ್ಕೆ ಇಂಗ್ಲಿಷಿನಲ್ಲಿ ಮೊಲದ ಉಪವಾಸ ಅನ್ನುವ ಅರ್ಥದ ಹೆಸರೇ ಇದೆ, ಯಾಕಂದರೆ ಕಾಡು ಮೊಲದ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ, ಹೊಟ್ಟೆ ತುಂಬ ತಿಂದರೂ ಮನುಷ್ಯ ಸೊರಗುತ್ತಾನೆ. ನೀವು ಜಮಖಂಡಿಯಲ್ಲಿ ಕೂತು ಕೋಳಿ ತಿಂದು ಅದನ್ನೇ ಮಾಡಿದ್ದೀರಿ, ಅಲ್ವಾ?

ನೀವು ನೋಡುವ ವಿಡಿಯೋಗಳ ತೊಂದರೆಯೂ ಇಲ್ಲೇ ಇದೆ. ಅಲ್ಲಿ ಅವರು ತಿನ್ನುವುದು ಬಿಳಿ ಗೆರೆ ಗೆರೆ ಕೊಬ್ಬಿರುವ ದನದ ಮಾಂಸದ ದಪ್ಪ ತುಂಡು. ನಮ್ಮ ಅಂಗಡಿಯಲ್ಲಿ ನೇತು ಹಾಕಿರುವ ಹೋತಿನ ಮಾಂಸ ಒಣಕಲು, 100 ಗ್ರಾಂಗೆ ಎರಡು ಮೂರು ಗ್ರಾಂ ಕೊಬ್ಬು ಸಿಕ್ಕರೆ ಹೆಚ್ಚು. ಟಗರಿನದ್ದು ಸ್ವಲ್ಪ ವಾಸಿ. ಅವರ ಲೆಕ್ಕ ನಮ್ಮ ತಟ್ಟೆಗೆ ಹೊಂದಲ್ಲ.

ಈಗ ರಾತ್ರಿ ಊಟ. ಸಾವಜಿ ಮಟನ್ ನನಗೂ ಇಷ್ಟ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಬಟ್ಟಲನ್ನು ಸ್ವಲ್ಪ ಓರೆ ಮಾಡಿ ನೋಡಿ. ಮೇಲೆ ಕೆಂಪಗೆ ತೇಲುವುದು ಮಟನ್ನಿನ ಚರಬಿಗಿಂತ ಜಾಸ್ತಿ ಒಗ್ಗರಣೆ ಎಣ್ಣೆ. ಅದರಲ್ಲಿ ಖಾರ ಇಳಿದಿದೆ. ಮೊದಲು ಇದನ್ನೇ ಎರಡು ಕಟಕ ರೊಟ್ಟಿ ಜೊತೆ ತಿನ್ನುತ್ತಿದ್ದಿರಿ, ರೊಟ್ಟಿ ಆ ಎಣ್ಣೆ ಖಾರವನ್ನೆಲ್ಲ ಹೀರಿಕೊಂಡು ನಿಧಾನವಾಗಿ ಕೆಳಗೆ ಒಯ್ಯುತ್ತಿತ್ತು. ಈಗ ರೊಟ್ಟಿ ಇಲ್ಲ. ಎಣ್ಣೆ, ಖಾರ ನೇರವಾಗಿ ಕರುಳಿಗೆ.

ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು. ಪಿತ್ತಕೋಶದಲ್ಲಿ ಅದು ಒಂದು ಸಲಕ್ಕೆ 30ರಿಂದ 50 ಮಿಲಿಯಷ್ಟು ಮಾತ್ರ ಹಿಡಿಯುತ್ತೆ. ಕೆಲಸ ಮುಗಿಸಿದ ಪಿತ್ತದ ಆಮ್ಲದಲ್ಲಿ ನೂರಕ್ಕೆ 95 ಪಾಲನ್ನು ಸಣ್ಣ ಕರುಳಿನ ಕೊನೆ ಭಾಗ ವಾಪಸ್ ಎಳೆದುಕೊಳ್ಳುತ್ತೆ. ಕೊಬ್ಬು ಜಾಸ್ತಿಯಾದಾಗ ಪಿತ್ತವೂ ಜಾಸ್ತಿ ಸುರಿಯುತ್ತೆ, ಅಷ್ಟನ್ನೂ ಎಳೆದುಕೊಳ್ಳಲು ಕರುಳಿಗೆ ಇನ್ನೂ ರೂಢಿಯಾಗಿಲ್ಲ, ಉಳಿದದ್ದು ದೊಡ್ಡ ಕರುಳಿಗೆ ಹೋಗಿ ನೀರು ಎಳೆಯುತ್ತೆ. ಬೆಳಿಗ್ಗೆ ಎದ್ದು ಓಡುವುದು ಇದಕ್ಕೇ. ಮೇದೋಜೀರಕ ಗ್ರಂಥಿಯೂ ಕೊಬ್ಬು ಕರಗಿಸುವ ಕಿಣ್ವವನ್ನು ಊಟಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳುತ್ತೆ, ಆದರೆ ರಾತ್ರೋರಾತ್ರಿ ಅಲ್ಲ, ಕೆಲವು ದಿನದಿಂದ ಎರಡು ವಾರ ಹಿಡಿಯಬಹುದು. ಕರುಳಿನ ಬ್ಯಾಕ್ಟೀರಿಯಾ ಮಾತ್ರ ಬೇಗ ಬದಲಾಗುತ್ತವೆ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹತ್ತು ಜನರಿಗೆ ಐದು ದಿನ ಮಾಂಸ, ಮೊಟ್ಟೆ, ಚೀಸ್ ಕೊಟ್ಟು ನೋಡಿದಾಗ, ಅಷ್ಟರಲ್ಲೇ ಪಿತ್ತ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಹೆಚ್ಚಾಗಿದ್ದವು.

ಹಾಗಾದರೆ ಏನು ಮಾಡಬೇಕು? ಎರಡು ದಿನ ಈ ಡಯಟ್ಟನ್ನೇ ಬಿಡಿ. ಮೆತ್ತನೆ ಅನ್ನ, ಮಜ್ಜಿಗೆ, ಉಪ್ಪು. ಜೊತೆಗೆ ಔಷಧಿ ಅಂಗಡಿಯ ಓಆರ್‌ಎಸ್ ಪುಡಿ, ಒಂದು ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಅಲ್ಲ. "ಅದ್ರಾಗ ಸಕ್ಕರಿ ಐತಲ್ರಿ, ಡಯಟ್ ಮುರಿತೈತಿ" ಅಂತ ಮೊನ್ನೆ ಒಬ್ಬ ಹುಡುಗ ತುಟಿ ಒಣಗಿಸಿಕೊಂಡು ನನ್ನ ಮುಂದೆ ಕೂತು ವಾದ ಮಾಡಿದ. ಲೀಟರಿಗೆ ಹದಿಮೂರೂವರೆ ಗ್ರಾಂ ಗ್ಲೂಕೋಸ್ ಇದೆ, ಹೌದು. ಅದು ಇದ್ದರೇನೇ ಉಪ್ಪು, ನೀರು ಕರುಳಿನಿಂದ ರಕ್ತಕ್ಕೆ ಬೇಗ ಸೇರೋದು. ಜುಲಾಬು ನಿಲ್ಲಿಸುವ ಮಾತ್ರೆಯನ್ನು ಸುಮ್ನೆ ನಿಮ್ಮಷ್ಟಕ್ಕೆ ನುಂಗಬೇಡಿ.

ಹೊಟ್ಟೆ ಹದಕ್ಕೆ ಬಂದ ಮೇಲೂ ನಿಮಗೆ ಇದೇ ಊಟ ಬೇಕು ಅಂತಿದ್ದರೆ, ಮೆಟ್ಟಿಲು ಹತ್ತಿದ ಹಾಗೆ ಹತ್ತಿ. ಮೊದಲ ವಾರ ಮಧ್ಯಾಹ್ನ ಒಂದು ಜೋಳದ ರೊಟ್ಟಿ ಇರಲಿ, ರಾತ್ರಿ ಮಾತ್ರ ಮಾಂಸ. ಎರಡನೇ ವಾರ ಅರ್ಧ ರೊಟ್ಟಿ. ಬಿಳಿಭಾಗ ಬಿಡಿ, ಇಡೀ ಮೊಟ್ಟೆ ತಿನ್ನಿ, ಮೂರು ಸಾಕು. ಒಂದೊಂದರಲ್ಲೂ ಆರು ಗ್ರಾಂ ಪ್ರೋಟೀನಿಗೆ ಐದು ಗ್ರಾಂ ಕೊಬ್ಬಿದೆ, ದೇವರೇ ಹದ ಮಾಡಿ ಕೊಟ್ಟಿದ್ದಾನೆ. ಬ್ರೆಸ್ಟ್ ಬದಲು ಕಾಲಿನ ಪೀಸ್. ಮಟನ್ ಕುಕ್ಕರಿನಲ್ಲಿ ಚೆನ್ನಾಗಿ ಮೆತ್ತಗಾಗಲಿ, ಇಲ್ಲವೇ ಖೀಮಾ ಮಾಡಿಸಿ. ದೊಡ್ಡ ಊಟಗಳ ಬದಲು ನಾಲ್ಕು ಸಣ್ಣ ಊಟ, ಪಿತ್ತಕೋಶಕ್ಕೆ ತುಂಬಿಕೊಳ್ಳಲು ಹೊತ್ತು ಸಿಗಲಿ.

ಕೊಬ್ಬಿನ ಅಳತೆಗೆ ನಾನು ಹೇಳುವ ದಾರಿ ಇದು. ಮಟನ್ ಉಪ್ಪು, ಅರಿಶಿಣ, ಶುಂಠಿ ಹಾಕಿ ಬೇಯಿಸಿ, ಆರಿದ ಮೇಲೆ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತೆಗೆದರೆ ಮೇಲೆ ಬಿಳಿ ಚರಬಿ ರೊಟ್ಟಿಯ ಹಾಗೆ ಗಟ್ಟಿಯಾಗಿ ಕೂತಿರುತ್ತೆ. ಚಮಚ ತೂರಿಸಿ ಅದನ್ನು ಇಡಿಯಾಗಿ ಎತ್ತಿ ಬೇರೆ ಬಟ್ಟಲಿಗೆ ಹಾಕಿ. ಕೆಳಗಿನ ರಸ ಲೋಳೆಯಂತೆ ನಡುಗುತ್ತಿರುತ್ತೆ. ಅದನ್ನು ಬಿಸಿ ಮಾಡುವಾಗ ಆ ಚರಬಿಯನ್ನು ಊಟಕ್ಕೆ ಒಂದು ಸಣ್ಣ ಚಮಚ ಸೇರಿಸಿ. ಮೂರು ದಿನ ಹೊಟ್ಟೆ ತೆಪ್ಪಗಿದ್ದರೆ ಎರಡು ಚಮಚ. ಸಡಿಲವಾದರೆ ಮತ್ತೆ ಒಂದಕ್ಕೆ ಇಳಿಯಿರಿ. ನಿಮ್ಮ ಗೆಳೆಯ ಹೇಳಿದ ಹಾಗೆ ಕಾಸಿದ ತುಪ್ಪವನ್ನು ಲೋಟದಲ್ಲಿ ಕುಡಿಯಬೇಡಿ, ಹಾಗೆ ಒಮ್ಮೆಗೇ ಸುರಿದ ಕೊಬ್ಬಿಗೆ ಕರುಳು ತಕ್ಷಣ ಜವಾಬು ಕೊಡುತ್ತೆ.

ತಲೆನೋವು ಬೇರೆ ವಿಷಯ. ರೊಟ್ಟಿ ಅನ್ನ ಬಿಟ್ಟರೆ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆ, ಖಾಲಿಯಾಗುತ್ತೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನೂ ಹೊರಗೆ ಬಿಡುತ್ತೆ. ಮೊದಲ ವಾರ ಇಳಿದ ತೂಕದಲ್ಲಿ ಬಹುಪಾಲು ಈ ನೀರೇ, ಅದಕ್ಕೆ ಪೇಢೆ ಹಂಚಬೇಡಿ. ಬಿಪಿ, ಕಿಡ್ನಿ ತೊಂದರೆ ಇಲ್ಲದ ನಿಮಗೆ ಉಪ್ಪು ಹಾಕಿದ ಆ ಮಟನ್ ರಸ ದಿನಕ್ಕೆ ಎರಡು ಲೋಟ ಸಾಕು, ತಲೆನೋವು ಇಳಿಯುತ್ತೆ.

ಎಷ್ಟು ದಿನ ಮಾಡಬಹುದು? ನನ್ನ ಅಭಿಪ್ರಾಯ ಕೇಳಿದರೆ, ಒಂದು ತಿಂಗಳಿಗಿಂತ ಜಾಸ್ತಿ ಬೇಡ. ಶುರುವಿಗೆ ಮೊದಲು ಮತ್ತು ಮುಗಿದ ಮೇಲೆ ಕೊಲೆಸ್ಟ್ರಾಲ್, ಯೂರಿಕ್ ಆಸಿಡ್, ಕಿಡ್ನಿಯ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಕೆಲವರಿಗೆ ಎಲ್‌ಡಿಎಲ್ ಕೊಲೆಸ್ಟ್ರಾಲ್ ತುಂಬಾ ಏರುತ್ತೆ, ಮೈಗೆ ಏನೂ ಗೊತ್ತೇ ಆಗಲ್ಲ. ಕಿಡ್ನಿ ಸ್ಟೋನ್, ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವು) ಇದ್ದವರಿಗೆ ಈ ಊಟ ಬೇಡವೇ ಬೇಡ.

ಪ್ರಶ್ನೆ: ವಿಜಯಪುರ, ಶಿಕ್ಷಕಿ, 41 ವರ್ಷ. ಮೂರು ವಾರದಿಂದ ಮಾಂಸಾಹಾರ ಮಾತ್ರ. ನನಗೆ ಉಲ್ಟಾ, ಮೂರು ನಾಲ್ಕು ದಿನಕ್ಕೊಮ್ಮೆ ಸಂಡಾಸ, ಅದೂ ಗಟ್ಟಿ. ಹರಳೆಣ್ಣೆ ಕುಡಿಯಲಾ? ಇಸಬ್‌ಗೋಲ್ ತೊಗೊಂಡರೆ ಡಯಟ್ ಕೆಡುತ್ತಾ?

ಉತ್ತರ: ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರಿದೆ. ಅದರ ಜೊತೆ ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಅಗಸಿ ಹಿಂಡಿ. ಇಷ್ಟು ದಿನ ನಿಮ್ಮ ಕರುಳು ಆ ರಾಶಿಯನ್ನು ಸಾಗಿಸುತ್ತಿತ್ತು. ಮಾಂಸದಲ್ಲಿ ನಾರು ಸೊನ್ನೆ, ಹಾಗಾಗಿ ಉಳಿಯುವುದೇ ಕಡಿಮೆ. ಮೂರು ದಿನಕ್ಕೊಮ್ಮೆ ಆದರೂ ಮೆತ್ತಗಿದ್ದು ಸಲೀಸಾಗಿ ಆದರೆ ಅದು ರೋಗ ಅಲ್ಲ. ನಿಮ್ಮದು ಗಟ್ಟಿ ಅಂತ ಬರೆದಿದ್ದೀರಿ, ಅದು ತೊಂದರೆಯೇ.

ನೀರು ಎಷ್ಟು ಕುಡಿಯುತ್ತೀರಿ, ನಿಜ ಹೇಳಿ. ಶಾಲೆಯ ಶೌಚಾಲಯದ ತಾಪತ್ರಯಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ಕಟ್ಟಿಕೊಂಡಿರುವ ಶಿಕ್ಷಕಿಯರನ್ನು ನಾನು ತುಂಬಾ ನೋಡಿದ್ದೇನೆ. ವಿಜಯಪುರದ ಬಿಸಿಲು 40 ದಾಟುವ ದಿನಗಳಲ್ಲಿ ಹಾಗೆ ಮಾಡಿದರೆ ರೊಟ್ಟಿ ತಿನ್ನುವವರಿಗೂ ಮಲ ಕಲ್ಲಾಗುತ್ತೆ. ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು, ಸ್ವಲ್ಪ ಉಪ್ಪು. ಮೇಲೆ ಹೇಳಿದ ಚರಬಿಯ ಚಮಚ ನಿಮಗೂ ಆಗುತ್ತೆ. ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆ ತೊಗೊಳ್ಳುತ್ತಿದ್ದರೆ ಅವೂ ಮಲ ಕಟ್ಟಿಸುತ್ತವೆ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಹರಳೆಣ್ಣೆ ಬೇಡ. ಒಂದು ದಿನ ಓಡಿಸುತ್ತೆ, ಮತ್ತೆ ನಾಲ್ಕು ದಿನ ಕೂಡಿಸುತ್ತೆ. ಇಸಬ್‌ಗೋಲ್ ರಾತ್ರಿ ಒಂದು ಚಮಚ, ದೊಡ್ಡ ಲೋಟ ನೀರಿನ ಜೊತೆ ತೊಗೊಳ್ಳಿ. ನೀರು ಕಡಿಮೆಯಾದರೆ ಅದೇ ಗಂಟಾಗಿ ಕೂರುತ್ತೆ. ಡಯಟ್ ಕೆಡುತ್ತಾ ಅಂತ ಕೇಳಿದ್ದೀರಿ. ಕೆಡಲಿ ಬಿಡಿ, ಪರೀಕ್ಷೆ ಪೇಪರ್ ತಿದ್ದುವವರು ಯಾರೂ ಇಲ್ಲ ಇಲ್ಲಿ. ಪೈಲ್ಸ್ ಆದ ಮೇಲೆ ಅಳುವುದಕ್ಕಿಂತ ವಾಸಿ. ರಕ್ತ ಕಂಡರೆ ಪೈಲ್ಸ್ ಅಂತ ನೀವೇ ತೀರ್ಮಾನ ಮಾಡಬೇಡಿ, ತೋರಿಸಿ.

ಪ್ರಶ್ನೆ: ಗೋಕಾಕ, 52 ವರ್ಷ. ಎರಡು ವರ್ಷದ ಹಿಂದೆ ಕಲ್ಲಾಗಿ ಪಿತ್ತಕೋಶ ತೆಗೆದಿದ್ದಾರೆ. ಶುಗರಿಗೆ ಎರಡು ಮಾತ್ರೆ ಇವೆ. ಮಗ ಈ ಡಯಟ್ ಮಾಡು, ಶುಗರ್ ಹೋಗುತ್ತೆ ಅನ್ನುತ್ತಾನೆ. ಮಾಡಲಾ?

ಉತ್ತರ: ನಿಮ್ಮಷ್ಟಕ್ಕೆ ನೀವೇ ಬೇಡ. ಪಿತ್ತಕೋಶ ಇಲ್ಲದವರಲ್ಲಿ ಪಿತ್ತ ಕೂಡಿಟ್ಟುಕೊಳ್ಳುವ ಜಾಗವಿಲ್ಲ, ಅದು ಹನಿಹನಿಯಾಗಿ ಸದಾ ಇಳಿಯುತ್ತಿರುತ್ತೆ. ದಿನನಿತ್ಯದ ಊಟಕ್ಕೆ ಅಷ್ಟು ಸಾಕು, ಕೊಬ್ಬಿನ ದೊಡ್ಡ ಊಟಕ್ಕೆ ಸಾಲಲ್ಲ. ಅದಕ್ಕಿಂತ ದೊಡ್ಡ ಚಿಂತೆ ಮಾತ್ರೆಗಳದ್ದು. ಗ್ಲಿಮೆಪಿರೈಡ್ ತರಹದ್ದು ನುಂಗಿ ರೊಟ್ಟಿ ಅನ್ನ ಬಿಟ್ಟರೆ ಶುಗರ್ ಧಡಕ್ಕನೆ ಕೆಳಗಿಳಿದು ಬೆವರಿ ಬೀಳಬಹುದು. ಡಾಪಾಗ್ಲಿಫ್ಲೋಜಿನ್ ತರಹದ್ದಾದರೆ ಇನ್ನೂ ಮೋಸ. ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಜೀವಕ್ಕೇ ಅಪಾಯ ಬರಬಹುದು, ಮನೆಯ ಮೀಟರಿನಲ್ಲಿ ಶುಗರ್ ಮಾತ್ರ ಹೆಚ್ಚೇನೂ ಏರಿರಲ್ಲ, ಹಾಗಾಗಿ ಯಾರಿಗೂ ಅನುಮಾನವೇ ಬರಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಡಯಟ್ ಶುರುವಿನ ತೊಂದರೆ ಅಂತ ಮನೆಯಲ್ಲೇ ಕೂತುಬಿಡುತ್ತಾರೆ. ಮಾತ್ರೆಯ ಚೀಟಿ ಹಿಡಿದುಕೊಂಡು ಮಗನನ್ನೂ ಕರೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಅವರು ಡೋಸ್ ಬದಲಿಸುವವರೆಗೆ ಒಂದು ರೊಟ್ಟಿ ಕೂಡ ಕಡಿಮೆ ಮಾಡಬೇಡಿ.