ಜನಪ್ರಿಯತೆ ಕುಸಿದಾಗ ಪಕ್ಷ ತನ್ನ ಸಂಸದೀಯ ನಾಯಕರನ್ನು ಬದಲಿಸಬೇಕೇ?

ಬದಲಿಸಬಹುದು, ಆದರೆ ಜನರ ಸಿಟ್ಟಿಗೆ ಕಾರಣವಾದ ನೀತಿಯೂ ಜೊತೆಗೇ ಬದಲಾಗಬೇಕು. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷವನ್ನೇ ನೋಡಿ. 1990ರಲ್ಲಿ ಮಾರ್ಗರೆಟ್ ಥ್ಯಾಚರ್ ಇಳಿದು ಜಾನ್ ಮೇಜರ್ ಬಂದರು. ಬಡವ-ಬಲ್ಲಿದ ಎನ್ನದೆ ತಲೆಗಿಷ್ಟು ಎಂದು ಹೇರಿದ್ದ ‘ಪೋಲ್ ಟ್ಯಾಕ್ಸ್’ ಕೈಬಿಡುವುದಾಗಿ ಅವರ ಸರ್ಕಾರ ಮರುವರ್ಷವೇ ಘೋಷಿಸಿತು. 1992ರಲ್ಲಿ ಪಕ್ಷ ಮತ್ತೆ ಗೆದ್ದಿತು.

ಆಸ್ಟ್ರೇಲಿಯಾದ ಲೇಬರ್ ಪಕ್ಷದ್ದು ಬೇರೆಯೇ ಕಥೆ. 2010ರಲ್ಲಿ ಕೆವಿನ್ ರಡ್ ಅವರನ್ನು ಇಳಿಸಿ ಜೂಲಿಯಾ ಗಿಲಾರ್ಡ್ ಅವರನ್ನು ತಂದರು. 2013ರ ಜೂನ್‌ನಲ್ಲಿ ಮತ್ತೆ ರಡ್ ಅವರನ್ನೇ ಕೂರಿಸಿದರು. ಸೆಪ್ಟೆಂಬರ್‌ನಲ್ಲಿ ಸೋತರು. ಅಷ್ಟರಲ್ಲಿ ಪಕ್ಷವೇ ಎಚ್ಚೆತ್ತು, ಪ್ರಧಾನಿಯನ್ನು ಇಳಿಸಬೇಕಾದರೆ ಶೇ 75ರಷ್ಟು ಸಂಸದರ ಸಹಿ ಬೇಕೆಂದು ನಿಯಮ ಬಿಗಿ ಮಾಡಿತ್ತು. ನನ್ನ ಪ್ರಕಾರ, ಬಣ ಜಗಳ ತೀರಿಸಲೆಂದೇ ನಾಯಕರನ್ನು ಬದಲಿಸುವುದು ಮತ ಕೊಟ್ಟವರಿಗೆ ಮಾಡುವ ಅನ್ಯಾಯ.