ಮುಂಬೈ ಸೆಕೆಯಲ್ಲಿ ಮಕ್ಕಳ ಜೊತೆ ಹ್ಯಾಲೋವೀನ್ ಕುಕ್ಕಿ ಮಾಡಿದರೆ ದೆವ್ವದ ಆಕಾರವೆಲ್ಲ ಹರಡಿಹೋಗುತ್ತದೆ, ಏನು ಮಾಡಲಿ?

ತಪ್ಪು ಓವನ್‌ನದ್ದಲ್ಲ, ಬೆಣ್ಣೆಯದು. ಅಕ್ಟೋಬರ್ ಸೆಕೆಗೆ ಹಿಟ್ಟು ಲಟ್ಟಿಸುವಷ್ಟರಲ್ಲೇ ಅದು ಕರಗತೊಡಗುತ್ತದೆ. 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 80 ಗ್ರಾಂ ಪುಡಿಸಕ್ಕರೆ, ಒಂದೆರಡು ಚಮಚ ಹಾಲು. ಬೇಕಿಂಗ್ ಪೌಡರ್ ಬೇಡವೇ ಬೇಡ, ದೆವ್ವ ಉಬ್ಬಿ ಇಡ್ಲಿಯಾಗುತ್ತದೆ! 5 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ತಟ್ಟೆ ಸಮೇತ 30 ನಿಮಿಷ ಫ್ರಿಜ್‌ನಲ್ಲಿಡಿ. ಆಮೇಲೆ 170 ಡಿಗ್ರಿಯಲ್ಲಿ 12 ನಿಮಿಷ. ಅಂಚು ತುಸು ಕೆಂಪಾದರೆ ಸಾಕು; ನಡು ಮೆತ್ತಗಿದ್ದರೂ ಆರಿದಾಗ ಗಟ್ಟಿಯಾಗುತ್ತದೆ.

ಪೂರ್ತಿ ಆರಿದ ಮೇಲೆಯೇ ಐಸಿಂಗ್: 150 ಗ್ರಾಂ ಐಸಿಂಗ್ ಶುಗರ್‌ಗೆ 4–5 ಟೀ ಚಮಚ ನೀರು. ಮಕ್ಕಳ ಕೈಗೆ ಜೇಡರ ಬಲೆಯೇ ಸಲೀಸು. ಬಿಳಿ ಐಸಿಂಗ್ ಒದ್ದೆಯಿರುವಾಗಲೇ ಅದರ ಮೇಲೆ ಕಪ್ಪು ಐಸಿಂಗ್‌ನಿಂದ ಸುತ್ತುಗಳನ್ನು ಬರೆದು, ಟೂತ್‌ಪಿಕ್‌ನಿಂದ ನಡುವಿನಿಂದ ಹೊರಕ್ಕೆ ಗೀರಿ. ದೆವ್ವಕ್ಕೆ ಕಣ್ಣು ಬರೆಯುವಾಗ ಮಾತ್ರ ಬಿಳಿ ಒಣಗಿರಬೇಕು, ಇಲ್ಲದಿದ್ದರೆ ಕಪ್ಪು ಇಳಿದು ದೆವ್ವ ಅತ್ತಂತೆ ಕಾಣುತ್ತದೆ.