ಡೆನ್ಮಾರ್ಕಿನ ಚಳಿಗಾಲಕ್ಕೆ ‘ಹ್ಯೂಗ’: ಏನೇನು ಕೊಳ್ಳಬೇಕು?

ಓದಲು ಬಂದು ಮೂರು ತಿಂಗಳಾಯಿತು, ಈ ಕತ್ತಲೆ ತಡೆಯಲಾಗುತ್ತಿಲ್ಲ, ಎಲ್ಲರೂ ‘ಹ್ಯೂಗ’ ಅನ್ನುತ್ತಾರಲ್ಲ, ಅದಕ್ಕೆ ಏನೇನು ಕೊಳ್ಳಬೇಕು ಎಂದು ಕೇಳಿದ್ದೀರಿ.

ಹ್ಯೂಗ ಎಂದರೆ ಬೆಚ್ಚಗೆ, ನೆಮ್ಮದಿಯಾಗಿ, ಹಿತವಾಗಿ ಇರುವುದು. ಕೊಳ್ಳುವುದು ಆಮೇಲೆ. ಇವತ್ತು ಸಂಜೆ ಕೋಣೆಯ ಚಾವಣಿಯ ಬಿಳಿ ಲೈಟ್ ಆರಿಸಿ, ಮೇಜಿನ ಮೇಲಿನ ಸಣ್ಣ ದೀಪವೊಂದನ್ನೇ ಉಳಿಸಿಕೊಳ್ಳಿ.

ನನಗಿದು ಗೊತ್ತಾಗಿದ್ದು ಇಲ್ಲಿನ ಆರ್ಹುಸ್ ನಗರದಲ್ಲಿ ನನ್ನ ಮೊದಲ ಡಿಸೆಂಬರಿನಲ್ಲಿ. ಆಗ ಇಲ್ಲಿ ಹಗಲೆಂದರೆ 7 ಗಂಟೆ ಅಷ್ಟೇ, ಮಧ್ಯಾಹ್ನ 4ಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ನಾನೂ ಚೀಲದ ತುಂಬ ಮೇಣದಬತ್ತಿ, ಉಣ್ಣೆಯ ಹೊದಿಕೆ ತಂದು, ಅದರೊಳಗೆ ಕೂತು ರಾತ್ರಿಯೆಲ್ಲ ಮೊಬೈಲ್ ನೋಡುತ್ತಿದ್ದೆ. ಮನಸ್ಸು ಮಾತ್ರ ಭಾರವಾಗಿಯೇ ಇತ್ತು. ಒಂದು ದಿನ ಪಕ್ಕದ ಮನೆಯ ಅಜ್ಜಿ ಕಾಫಿಗೆ ಕರೆದರು. ಅವರ ಕೋಣೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ದೀಪ, ಕಿಟಕಿಯಲ್ಲಿ ಎರಡು ಮೇಣದಬತ್ತಿ. ಮೇಣದಬತ್ತಿಯ ಬೆಳಕನ್ನು ಇಲ್ಲಿನವರು ‘ಜೀವಂತ ಬೆಳಕು’ ಅನ್ನುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಚಕ್ಕೆಯ ಘಮದ ಬನ್ನು. ಅಜ್ಜಿ ಕಾಲುಚೀಲ ಹೆಣೆಯುತ್ತ ಕೂತರು. ಏನಾದರೂ ಮಾತಾಡಬೇಕಲ್ಲ ಎಂದು ಮೊದಲು ಚಡಪಡಿಸಿದೆ. ಕಾಲು ಗಂಟೆ ಕಳೆಯುವಷ್ಟರಲ್ಲಿ, ಬಿಗಿಹಿಡಿದಿದ್ದ ಭುಜ ತಾನಾಗಿಯೇ ಸಡಿಲವಾಗಿತ್ತು.

ಊಟದ ಮೇಜಿನ ಮೇಲೆ ತಗ್ಗಿಗೆ ಇಳಿಬಿಟ್ಟ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂಥ ದೀಪವನ್ನು ಇಲ್ಲಿ ಎಷ್ಟೋ ಕಡೆ ನೋಡುತ್ತೀರಿ. ಡ್ಯಾನಿಶ್ ವಿನ್ಯಾಸಕಾರ ಪೌಲ್ ಹೆನ್ನಿಂಗ್‌ಸೆನ್ 1958ರಲ್ಲಿ ರೂಪಿಸಿದ ಪಿಎಚ್5 ಅದು. ಬಲ್ಬು ಯಾವ ಕಡೆಯಿಂದಲೂ ಕಣ್ಣಿಗೆ ಚುಚ್ಚಬಾರದು ಎಂಬುದೊಂದನ್ನೇ ಹಿಡಿದು ಆತ 1920ರ ದಶಕದಿಂದಲೂ ದೀಪಗಳನ್ನು ಮಾಡಿದ. ಬೆಲೆ ಬಹಳ, ನಿಮಗೆ ಬೇಡ. ಹಳೇ ಸಾಮಾನಿನ ಅಂಗಡಿಯ ಟೇಬಲ್ ಲ್ಯಾಂಪಿಗೆ ಹಳದಿ ಬೆಳಕಿನ ಬಲ್ಬು ಹಾಕಿದರೆ ಸಾಕು.

ಡ್ಯಾನಿಶ್‌ನಲ್ಲಿ ‘ಹ್ಯೂಗ’ ಕ್ರಿಯಾಪದವೂ ಹೌದು. ಹೊರಟವರಿಗೆ ‘ಹ್ಯೂಗ್ ಡೈ’ ಅನ್ನುತ್ತಾರೆ. ನಮ್ಮ ‘ಸುಧಾರಿಸಿಕೋ’ ಎಂಬುದರಲ್ಲಿನ ‘ಕೋ’ ಇದೆಯಲ್ಲ, ಅದೇ ಕೆಲಸ ಅಲ್ಲಿ ‘ಡೈ’ ಮಾಡುತ್ತದೆ. ನಿನಗೆ ನೀನೇ ಹಿತ ಮಾಡಿಕೋ ಎಂದ ಹಾಗೆ. ಹಾಗಾಗಿ ಅದಕ್ಕೆ ಡ್ಯಾನಿಶ್ ತಿಂಡಿಯೇ ಆಗಬೇಕೆಂದಿಲ್ಲ. ನಾನು ಶುಕ್ರವಾರ ಸಂಜೆ ಮೆಣಸಿನ ಸಾರು ಮಾಡಿ, ಬಿಸಿ ಅನ್ನಕ್ಕೆ ಕಲಸಿಕೊಂಡು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಉಣ್ಣುತ್ತೇನೆ. ಮೊಬೈಲ್ ಒಳಕೋಣೆಯಲ್ಲಿರುತ್ತದೆ. ತಿಂಗಳಿಗೊಮ್ಮೆಯಾದರೂ ಯಾರನ್ನಾದರೂ ಜೊತೆಗೆ ಕರೆಯುತ್ತೇನೆ, ನೀವೂ ಕರೆಯಿರಿ.

ಮೇಣದಬತ್ತಿ ಹಚ್ಚಿದರೆ ಮಲಗುವ ಮುಂಚೆ ಆರಿಸಿ, ಐದು ನಿಮಿಷ ಕಿಟಕಿ ತೆಗೆದಿಡಿ, ಇಲ್ಲದಿದ್ದರೆ ಹೊಗೆ ಒಳಗೇ ನಿಲ್ಲುತ್ತದೆ. ಇನ್ನು, ನಿದ್ದೆ ಊಟ ಎರಡೂ ಕೆಟ್ಟು ವಾರಗಳೇ ಆಗಿದ್ದರೆ ಇದಾವುದನ್ನೂ ನೆಚ್ಚಿ ಕೂರಬೇಡಿ. ನಿಮ್ಮ ಹಳದಿ ಆರೋಗ್ಯ ಕಾರ್ಡಿನ ಮೇಲೆ ನಿಮ್ಮ ವೈದ್ಯರ ಫೋನ್ ನಂಬರ್ ಇದೆ, ನಾಳೆ ಬೆಳಗ್ಗೆಯೇ ಮಾತಾಡಿ.